ತಾಯಿಯ ಮನೆಗೆ ಮರಳಿದ ಮಗರಾಯ

ಲಾಸ್ ಏಂಜಲೀಸ್ ನಗರದ ಕಾದಂಬರಿಕಾರ ಜಾನ್ ಹೆಂಡರ್ಸನ್ನನಿಗೆ ಎರಡನೆಯ ಬಾರಿ ವಿವಾಹ ವಿಚ್ಛೇದನವಾಗಿದೆ. ಮನೆಗೆ ಬಂದು ನೋಡಿದರೆ ಹಜಾರದಲ್ಲಿ ಉಳಿದಿರುವುದು ಒಂದೇ ಒಂದು ಕುರ್ಚಿ. ಮಿಕ್ಕ ಸಾಮಾನೆಲ್ಲ ಹೆಂಡತಿಯ ಹಿಂದೆಯೇ ಹೊರಟುಹೋಗಿದೆ. ಆ ಕುರ್ಚಿಯನ್ನು ಆತ ಒಂದು ಮೂಲೆಯಲ್ಲಿಟ್ಟು ನೋಡುತ್ತಾನೆ, ಇನ್ನೊಂದು ಕಡೆ ಸರಿಸಿ ನೋಡುತ್ತಾನೆ, ದೂರ ನಿಂತು ತಲೆ ವಾರೆಮಾಡಿ ನೋಡುತ್ತಾನೆ. ಎಲ್ಲಿ ಇಟ್ಟರೂ ಅದು ಒಂಟಿ ಕುರ್ಚಿಯೇ.

೧೯೯೬ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ತೆರೆಕಂಡ ‘ಮದರ್’ ಎಂಬ ಹಾಸ್ಯಚಿತ್ರದ ಮೊದಲ ನಗೆ ಇದು. ಚಿತ್ರವನ್ನು ನಿರ್ದೇಶಿಸಿ, ಜಾನನ ಪಾತ್ರವನ್ನೂ ತಾವೇ ವಹಿಸಿದವರು ಆಲ್ಬರ್ಟ್ ಬ್ರೂಕ್ಸ್. ಕಥೆ ಸಂಭಾಷಣೆಗಳಲ್ಲಿ ಅವರಿಗೆ ಜೊತೆಯಾದವರು ಮೋನಿಕಾ ಜಾನ್ಸನ್. ತಾಯಿ ಬಿಯಾಟ್ರಿಸಳ ಪಾತ್ರದಲ್ಲಿ ಡೆಬಿ ರೆನಾಲ್ಡ್ಸ್ ಇದ್ದಾರೆ. ೧೯೫೨ರ ‘ಸಿಂಗಿನ್ ಇನ್ ದ ರೇನ್’ ಚಿತ್ರದಲ್ಲಿ ಹತ್ತೊಂಬತ್ತು ಇಪ್ಪತ್ತರ ಹುಡುಗಿಯಾಗಿ ಹಾಡಿ ಕುಣಿದ ಆಕೆಯೇ ಇಲ್ಲಿ ನಡುವಯಸ್ಸಿನ ಮಗನಿಗೆ ತಾಯಿ. ಮಗನಾದ ಬ್ರೂಕ್ಸರಿಗೆ ಆಗ ನಲವತ್ತೊಂಬತ್ತು, ತಾಯಿಯಾದ ಡೆಬಿಯವರಿಗೆ ಅರವತ್ತನಾಲ್ಕು; ಲೆಕ್ಕ ಹಾಕುವ ಚಟವುಳ್ಳ ಓದುಗರು ಇಲ್ಲಿ ಸ್ವಲ್ಪ ಕಣ್ಣು ಮುಚ್ಚಿಕೊಳ್ಳಬೇಕು.

ಒಂಟಿ ಕುರ್ಚಿಯ ಮೇಲೆ ಕುಳಿತ ಜಾನನಿಗೆ ಒಂದು ಸಿದ್ಧಾಂತ ಹೊಳೆಯುತ್ತದೆ. ಎರಡು ಮದುವೆಗಳೂ ಮುರಿದವು, ಹೊಸದಾಗಿ ಒಬ್ಬಳೊಡನೆ ಊಟಕ್ಕೆ ಹೋದರೆ ಮಾತೇ ಹೊಂದಲಿಲ್ಲ, ಹೊಸ ಕಾದಂಬರಿಯ ಪುಟವೂ ಮುಂದೆ ಸಾಗುತ್ತಿಲ್ಲ. ತನ್ನ ಬಾಳಿಗೆ ಬಂದ ಹೆಂಗಸರೊಡನೆಲ್ಲ ತನಗೇಕೆ ಹೊಂದುವುದಿಲ್ಲ? ಮೊಟ್ಟಮೊದಲು ಬಂದ ಹೆಂಗಸಿನೊಡನೆಯೇ ಹೊಂದಿಲ್ಲವಾದ್ದರಿಂದ! ಆ ಮೊದಲ ಹೆಂಗಸೆಂದರೆ ತಾಯಿ. ಆದ್ದರಿಂದ ತಾಯಿಯ ಮನೆಗೆ ಹಿಂದಿರುಗಿ, ಬಾಲ್ಯದ ಅದೇ ಕೋಣೆಯಲ್ಲಿ ವಾಸಮಾಡಿ, ತಪ್ಪಿದ್ದು ಎಲ್ಲಿ ಎಂಬುದನ್ನು ಪತ್ತೆಹಚ್ಚಬೇಕು. ಇದಕ್ಕೆ ಆತ ಇಟ್ಟ ಹೆಸರು ‘ಪ್ರಯೋಗ’. ವಿಜ್ಞಾನ ಕಾದಂಬರಿಗಳನ್ನು ಬರೆಯುವವನಲ್ಲವೆ! ಪ್ರಯೋಗಾಲಯ, ಉಪಕರಣ, ಪ್ರಯೋಗಕ್ಕೊಳಗಾಗುವ ಪ್ರಾಣಿ, ಎಲ್ಲವನ್ನೂ ತಾಯಿಯೇ ಒದಗಿಸಬೇಕು, ಬಾಡಿಗೆಯೂ ಇಲ್ಲ.

ಇದರಲ್ಲಿ ನಗುವಂಥದ್ದೇನಿದೆ ಎಂದು ನಮ್ಮಲ್ಲಿ ಕೆಲವರು ಕೇಳಬಹುದು. ನಲವತ್ತು ದಾಟಿದ ಮಗ ತಾಯಿಯೊಡನೆ ಒಂದೇ ಸೂರಿನಡಿ ಇದ್ದರೆ ನಮ್ಮ ಬಡಾವಣೆಗಳಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಇಲ್ಲದಿದ್ದರೆ ನೋಡುತ್ತಾರೆ. ಅಮೆರಿಕದ ಮಧ್ಯಮವರ್ಗದ ರೂಢಿ ಬೇರೆ. ಹದಿನೆಂಟು ತುಂಬಿ ಕಾಲೇಜಿಗೆ ಹೋದ ಮಗ ಮನೆ ಬಿಟ್ಟಂತೆಯೇ. ಆಮೇಲೆ ಬರುವುದು ಹಬ್ಬಕ್ಕೆ, ನೆಂಟನಂತೆ. ಬೆಳೆದ ಮಗ ಪೆಟ್ಟಿಗೆಯೊಡನೆ ಬಂದು ಬಾಗಿಲು ತಟ್ಟಿದನೆಂದರೆ ಯಾವುದೋ ಬೀಳಬಾರದ್ದು ಬಿದ್ದಿದೆ ಎಂದೇ ನೆರೆಹೊರೆಯ ತೀರ್ಮಾನ. ಹಾಗಾಗಿ ಜಾನನು ಲಾಸ್ ಏಂಜಲೀಸಿನಿಂದ ಹೊರಟು, ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯ ಆಚೆ ದಡದಲ್ಲಿರುವ ಸಾಸಲೀಟೋ ಎಂಬ ಅಂದವಾದ ಊರಿಗೆ, ಸುಮಾರು ಆರುನೂರು ಕಿಲೋಮೀಟರ್ ಕಾರು ನಡೆಸಿಕೊಂಡು ಬರುವುದು ಆತನ ಪಾಲಿಗೆ ತೀರ್ಥಯಾತ್ರೆಯೂ ಹೌದು, ಪರಾಭವದ ಮೆರವಣಿಗೆಯೂ ಹೌದು.

ತಾಯಿ ಸಂತೋಷಪಡುತ್ತಾಳೆಯೆ? ಪಡುತ್ತಾಳೆ. ಆದರೆ ಆ ಸಂತೋಷದ ನಡುವೆ ಒಂದು ಪ್ರಶ್ನೆ ಕಾಲು ಚಾಚಿಕೊಂಡು ಕುಳಿತಿದೆ: ಎಷ್ಟು ದಿನ?

ಮೊದಲ ಯುದ್ಧ ನಡೆಯುವುದು ಅಡಿಗೆಮನೆಯಲ್ಲಿ. ತಾಯಿ ಮಗನ ಸಂಬಂಧವನ್ನು ಕುರಿತು ಪುಸ್ತಕಗಳು ರಾಶಿರಾಶಿಯಾಗಿವೆ. ಈ ಲೇಖಕನ ಅಭಿಪ್ರಾಯದಲ್ಲಿ ಅವೆಲ್ಲಕ್ಕಿಂತ ಹೆಚ್ಚಿನ ಸತ್ಯ ಬಿಯಾಟ್ರಿಸ್ಸಮ್ಮನವರ ಫ್ರಿಜ್ಜಿನಲ್ಲಿದೆ. ಅಗ್ಗಕ್ಕೆ ಸಿಕ್ಕಿತೆಂದು ಕೊಂಡ, ಒಂದು ಸಂಸಾರ ತಿಂಗಳುಗಟ್ಟಲೆ ತಿಂದರೂ ಮುಗಿಯದ ಚೀಸಿನ ಹೆಬ್ಬಂಡೆ ಅಲ್ಲಿದೆ. ಅದು ಕೆಡದಂತೆ ಮಂಜಿನಲ್ಲಿ ಹೂತಿಟ್ಟಿದ್ದಾಳೆ. ಕಿತ್ತಳೆಯ ರಸವನ್ನು ಹೆಪ್ಪುಗಟ್ಟಿಸಿ ಮಾಡಿದ, ಐಸ್ ಕ್ರೀಮಿನಂಥ ಒಂದು ತಿನಿಸಿನ ಡಬ್ಬಿಯಿದೆ. ಅದರ ಮೇಲೆ ಬಿಳಿಯ ಮಂಜಿನ ಪದರ ದಪ್ಪವಾಗಿ ಕೂತಿದೆ. ಮಗ ಅದನ್ನು ಕಂಡು ಬೆಚ್ಚಿದರೆ, ಆ ಪದರವೇ ಒಳಗಿನದನ್ನು ಕಾಪಾಡುವ ರಕ್ಷೆ ಎಂದು ತಾಯಿಯ ಸಮಾಧಾನ. ಮಗ ಒಂದು ಚಮಚ ಬಾಯಿಗಿಡುತ್ತಾನೆ. ಆಮೇಲಿನ ಅವನ ಮುಖವನ್ನು ಬಣ್ಣಿಸಲಾರೆ, ನೋಡಿಯೇ ತಿಳಿಯಬೇಕು.

ಇಷ್ಟರಲ್ಲಿ ನಮಗೆ ನಮ್ಮ ನಮ್ಮ ಮನೆಗಳ ನೆನಪು ಬಂದಿರುತ್ತದೆ. ಮೊನ್ನೆಯ ಸಾರನ್ನು ಇನ್ನೊಂದು ಸಲ ಕುದಿಸಿ ಇವತ್ತಿನದಾಗಿಸುವ ವಿದ್ಯೆ ಅಮೆರಿಕದವರ ಸ್ವತ್ತೇನೂ ಅಲ್ಲವಷ್ಟೆ.

ಮುಂದಿನ ಕಾಳಗ ಅಂಗಡಿಯಲ್ಲಿ. ಜಾಮಿನ ಶೀಶೆ ಯಾವುದು ಕೊಳ್ಳಬೇಕೆಂಬ ಬಗ್ಗೆ ತಾಯಿಗೂ ಮಗನಿಗೂ ಚರ್ಚೆ ಹತ್ತುತ್ತದೆ. ಆತನಿಗೆ ಒಳ್ಳೆಯದು ಬೇಕು, ಆಕೆಗೆ ಅಗ್ಗದ್ದು ಬೇಕು. ಹಣ ತನ್ನದೆಂದು ಮಗ ಹೇಳಿದರೂ ಆಕೆ ಒಪ್ಪುವುದಿಲ್ಲ. ಹಣದ ಪ್ರಶ್ನೆಯೇ ಅದಲ್ಲ. ಮಿತವ್ಯಯದಲ್ಲಿ ಬಾಳಿದ ಒಂದು ಇಡೀ ಆಯುಷ್ಯ ಆ ಅಗ್ಗದ ಶೀಶೆಯಲ್ಲಿದೆ. ದುಬಾರಿಯದನ್ನು ಗಾಡಿಗೆ ಹಾಕಿಕೊಂಡರೆ ಅದಕ್ಕೆ ಅವಮಾನ ಮಾಡಿದಂತೆ. ಮಗನಿಗಾದರೋ, ತನ್ನ ಆಯ್ಕೆ ಸರಿಯೆಂದು ಜೀವಮಾನದಲ್ಲಿ ಒಂದು ಸಲವಾದರೂ ತಾಯಿ ಒಪ್ಪಬೇಕು. ಬೇಡಿಕೆ ಜಾಮಿನದಲ್ಲ.

ಆತ ತನ್ನ ಹಳೆಯ ಕೋಣೆಯನ್ನು ಹುಡುಗಾಟದ ದಿನಗಳಲ್ಲಿ ಇದ್ದಂತೆಯೇ ಮರುಸ್ಥಾಪಿಸುವ ಪ್ರಸಂಗವಂತೂ ಸೊಗಸಾಗಿದೆ. ತಾಯಿ ಅಲ್ಲಿ ತುಂಬಿಟ್ಟ ಸಾಮಾನುಗಳನ್ನು ಹೊರಸಾಗಿಸಿ, ಗ್ಯಾರೇಜಿನಲ್ಲಿ ಧೂಳು ತಿನ್ನುತ್ತಿದ್ದ ತನ್ನ ಹಳೆಯ ವಸ್ತುಗಳನ್ನು ಒಂದೊಂದಾಗಿ ಹೊತ್ತು ತಂದು ಗೋಡೆಗೆ ಮೆತ್ತುತ್ತಾನೆ. ಪುರಾತತ್ವ ಇಲಾಖೆಯವರು ಹಾಳು ಗುಡಿಯನ್ನು ಜೀರ್ಣೋದ್ಧಾರ ಮಾಡುವ ಶ್ರದ್ಧೆ ಆತನದು. ಗುಡಿಯಲ್ಲಿ ಪ್ರತಿಷ್ಠಾಪಿಸಬೇಕಾದ ಮೂರ್ತಿ ತಾನೇ.

ಇಲ್ಲಿ ಬಿಯಾಟ್ರಿಸಳ ಸ್ವಭಾವವನ್ನು ಸ್ವಲ್ಪ ವಿವರಿಸಬೇಕು, ಏಕೆಂದರೆ ಚಿತ್ರದ ಪ್ರಾಣ ಅಲ್ಲಿದೆ. ಆಕೆ ಗದರುವ ತಾಯಿಯಲ್ಲ, ಅಳುವ ತಾಯಿಯಲ್ಲ, ಎದೆ ಬಡಿದುಕೊಳ್ಳುವ ತಾಯಿಯಂತೂ ಅಲ್ಲವೇ ಅಲ್ಲ. ನಯವಾದ ಮಾತು, ಮಾಸದ ಮುಗುಳುನಗೆ, ಒಪ್ಪವಾಗಿ ಬಾಚಿದ ಕೂದಲು. ಆದರೆ ಆಕೆಯ ಪ್ರತಿಯೊಂದು ನಯವಾದ ಮಾತಿನ ಅಂಚಿನಲ್ಲಿಯೂ ಒಂದು ಗುಂಡುಸೂಜಿ ಇದೆ. ಮಗನ ಪುಸ್ತಕಗಳ ಮಾತು ಬಂದಾಗ ಹೊಗಳಿಕೆಯೂ ಅಲ್ಲದ, ತೆಗಳಿಕೆಯೂ ಅಲ್ಲದ ಒಂದು ಸ್ವರ ಹೊರಡಿಸುತ್ತಾಳೆ. ಚುಚ್ಚಿತೆಂದು ಮಗ ಕೂಗಿಕೊಂಡರೆ, ತಾನು ಅಂಥದ್ದೇನು ಹೇಳಿದೆನೆಂದು ಆಕೆಗೆ ನಿಜವಾದ ಆಶ್ಚರ್ಯ. ಕೂಗಿದವನೇ ಒರಟನಾಗಿ ಕಾಣುತ್ತಾನೆ. ಡೆಬಿ ರೆನಾಲ್ಡ್ಸರು ಈ ಪಾತ್ರವನ್ನು ಒಂದಿಷ್ಟೂ ಅತಿಮಾಡದೆ ನಿರ್ವಹಿಸಿದ್ದಾರೆ. ಹಾಸ್ಯಪಾತ್ರ ಕೈಗೆ ಬಂದೊಡನೆ ಹುಬ್ಬು ಕುಣಿಸುವ ನಟನಟಿಯರು ಗಮನಿಸತಕ್ಕ ಅಭಿನಯವಿದು.

ಈ ಲೇಖಕನ ಮೊದಲ ಲೇಖನ ಪತ್ರಿಕೆಯೊಂದರಲ್ಲಿ ಅಚ್ಚಾದಾಗ ಪ್ರತಿಯನ್ನು ತಾಯಿಯವರ ಮುಂದಿಟ್ಟು ಕಾದಿದ್ದುಂಟು. ಅವರು ಕನ್ನಡಕ ಹಾಕಿಕೊಂಡು ಮೊದಲಿಂದ ಕೊನೆಯವರೆಗೆ ಓದಿ, ಪುಟವನ್ನು ಕೊಂಚ ದೂರ ಹಿಡಿದು, “ಚಿತ್ರ ಚೆನ್ನಾಗಿ ಬಂದಿದೆ” ಎಂದರು. ಚಿತ್ರ ಬರೆದವರು ಬೇರೆ.

ಜಾನನಿಗೆ ಜೆಫ್ ಎಂಬ ಒಬ್ಬ ತಮ್ಮನಿದ್ದಾನೆ. ಕ್ರೀಡಾಪಟುಗಳ ವ್ಯವಹಾರ ನೋಡಿಕೊಳ್ಳುವ ದಲ್ಲಾಳಿ. ಹೆಂಡತಿ ಮಕ್ಕಳು, ಕೈತುಂಬ ಸಂಪಾದನೆ. ಅಮ್ಮನ ಮುದ್ದಿನ ಮಗ. ಮುಖ ಕಾಣಿಸುವ ಹೊಸಬಗೆಯ ಟೆಲಿಫೋನನ್ನು ತಾಯಿಗೆ ಕೊಡಿಸಿದ್ದು ಇವನೇ. (ಇಂದು ಎಲ್ಲರ ಜೇಬಿನಲ್ಲಿರುವ ಆ ಸೌಲಭ್ಯ ೧೯೯೬ರಲ್ಲಿ ಶ್ರೀಮಂತರ ವಿಚಿತ್ರ ಆಟಿಕೆಯಾಗಿತ್ತು.) ತಾನು ಪೂರ್ಣವಾಗಿ ಬೆಳೆದವನು, ಅಣ್ಣನಿಗೆ ಮಾತ್ರ ಅಮ್ಮನ ಹುಚ್ಚು ಎಂದು ಇವನ ನಂಬಿಕೆ. ಅಣ್ಣ ಹೋಗಿ ಅಮ್ಮನ ಮನೆಯಲ್ಲಿ ಬೀಡುಬಿಟ್ಟನೆಂದು ತಿಳಿದದ್ದೇ ತಡ, ಈ ನಂಬಿಕೆಯ ಗೋಡೆಗೆ ಬಿರುಕು. ಕೊನೆಗೆ ಈತನೂ ಸಾಸಲೀಟೋಗೆ ಧಾವಿಸಿ ಬರುತ್ತಾನೆ. ಗೆದ್ದ ಮಗನೂ ಸೋತ ಮಗನೂ ಅದೇ ಹಜಾರದಲ್ಲಿ ಚಿಕ್ಕಂದಿನಂತೆಯೇ ಕಚ್ಚಾಡಿಕೊಳ್ಳುವಾಗ, ಯಾರ ರೋಗ ಹೆಚ್ಚು ಹಳೆಯದೆಂಬುದು ಗೊತ್ತಾಗದೆ ನಾವು ನಗುತ್ತೇವೆ.

ಮತ್ತೊಂದು ಆಘಾತ ಜಾನನಿಗೆ ಕಾದಿರುತ್ತದೆ. ವಿಧವೆಯಾದ ತಾಯಿಗೆ ಒಬ್ಬ ಗೆಳೆಯನಿದ್ದಾನೆ. ಆಗಾಗ ಊರಿಗೆ ಬಂದು ಹೋಗುತ್ತಾನೆ. ತಾನು ಎರಡು ಮದುವೆ ಆಗಬಹುದು, ಎರಡನ್ನೂ ಮುರಿದುಕೊಳ್ಳಬಹುದು; ತಾಯಿಗೆ ಒಬ್ಬ ಸ್ನೇಹಿತನಿರುವುದು ಮಾತ್ರ ಈತನ ಸಿದ್ಧಾಂತದೊಳಗೆ ಹಿಡಿಸುವುದಿಲ್ಲ. ಆಕೆಯಾದರೋ ನಾಚುವುದೂ ಇಲ್ಲ, ವಾದಿಸುವುದೂ ಇಲ್ಲ. ಪ್ರಯೋಗಕ್ಕೊಳಗಾದ ಪ್ರಾಣಿ ಪಂಜರದ ಬಾಗಿಲು ತೆರೆದುಕೊಂಡು ಹೊರಗೆ ಹೋಗಿಬರುತ್ತಿದೆ ಎಂದು ವಿಜ್ಞಾನಿಗೆ ಈಗ ತಿಳಿಯುತ್ತದೆ.

ತಾಯಿಯನ್ನು ಕುರಿತ ಹಾಸ್ಯ ಅಮೆರಿಕದಲ್ಲಿ ಹೊಸದಲ್ಲ. ೧೯೪೨ರಲ್ಲಿಯೇ ಫಿಲಿಪ್ ವೈಲಿ ಎಂಬ ಲೇಖಕ, ದೇಶದ ಗಂಡಸರೆಲ್ಲ ಕೆಟ್ಟದ್ದು ತಾಯಂದಿರ ದೆಸೆಯಿಂದ ಎಂದು ಆರ್ಭಟಿಸಿ, ಆ ರೋಗಕ್ಕೆ ‘ಮಾಮಿಸಂ’ ಎಂಬ ಹೆಸರನ್ನೂ ಟಂಕಿಸಿದ. ಹಾಸ್ಯಗಾರರು ಅದೇ ಸರಕನ್ನು ಆತನಿಗಿಂತ ಜಾಣತನದಿಂದ ಬಳಸಿದರು. ೧೯೬೦ರಲ್ಲಿ ನ್ಯೂಯಾರ್ಕಿನ ರಂಗಭೂಮಿಗೆ ಬಂದ ಮೈಕ್ ನಿಕೋಲ್ಸ್ ಮತ್ತು ಎಲೇನ್ ಮೇ ಜೋಡಿಯ ಒಂದು ಪುಟ್ಟ ಪ್ರಹಸನ ಇಂದಿಗೂ ಹೆಸರುವಾಸಿ. ಮಗ ರಾಕೆಟ್ ವಿಜ್ಞಾನಿ. ಆಕಾಶಕ್ಕೆ ಕ್ಷಿಪಣಿ ಹಾರಿಸುವ ಕೆಲಸದಲ್ಲಿ ಮುಳುಗಿದ್ದಾನೆ. ತಾಯಿಯ ದೂರವಾಣಿ ಕರೆ ಬರುತ್ತದೆ. ಮಗ ಫೋನ್ ಮಾಡಿಯಾನೆಂದು ದಿನಗಟ್ಟಲೆ ಕಾದಿದ್ದಾಳೆ. ಕರೆ ಬಂದಾಗ ಬಾಯಲ್ಲಿ ತುತ್ತಿರಬಾರದೆಂದು ಊಟವನ್ನೂ ಮಾಡಿಲ್ಲ! ಮಾತು ಮುಗಿಯುವಷ್ಟರಲ್ಲಿ ಆ ಮಹಾವಿಜ್ಞಾನಿ ತೊದಲುವ ಕೂಸಾಗಿರುತ್ತಾನೆ. ತಮ್ಮ ಸ್ವಂತ ತಾಯಿಯಿಂದ ಬಂದ ಒಂದು ಕರೆಯೇ ಇದರ ಬೀಜವೆಂದು ನಿಕೋಲ್ಸರು ಹೇಳಿದ್ದುಂಟು.

೧೯೮೯ರಲ್ಲಿ ಬಂದ ‘ನ್ಯೂಯಾರ್ಕ್ ಸ್ಟೋರೀಸ್’ ಎಂಬ ಮೂರು ಕಥೆಗಳ ಚಿತ್ರದಲ್ಲಿ ವುಡಿ ಆಲನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಐವತ್ತರ ವಕೀಲನೊಬ್ಬನ ತಾಯಿ ಜಾದೂಗಾರನ ಪೆಟ್ಟಿಗೆಯೊಳಗೆ ಹೊಕ್ಕು ಮಾಯವಾಗುತ್ತಾಳೆ. ಮಗನಿಗೆ ಒಳಗೊಳಗೇ ಹಾಯೆನಿಸುತ್ತದೆ. ಕೆಲವು ದಿನಗಳಲ್ಲಿಯೇ ಆಕೆ ನ್ಯೂಯಾರ್ಕಿನ ಆಕಾಶದಲ್ಲಿ ಬೃಹದಾಕಾರವಾಗಿ ಪ್ರತ್ಯಕ್ಷಳಾಗಿ, ಮಗನ ಬಾಲ್ಯದ ಸಂಗತಿಗಳನ್ನು ನಗರದ ಜನರಿಗೆಲ್ಲ ಸಾರತೊಡಗುತ್ತಾಳೆ!

ಇವೆರಡೂ ಒಳ್ಳೆಯ ಹಾಸ್ಯಗಳೇ. ಆದರೆ ಎರಡರಲ್ಲಿಯೂ ತಾಯಿಯನ್ನು ಕಾಣುವ ಕಣ್ಣು ಮಗನದು, ಅದೂ ಕೆಳಗಿನಿಂದ ಮೇಲಕ್ಕೆ ನೋಡುವ ಮಗುವಿನದು. ಆದ್ದರಿಂದಲೇ ಆಕೆ ಒಮ್ಮೆ ದೂರವಾಣಿಯಲ್ಲಿ ಬರುವ ಅಶರೀರವಾಣಿ, ಮತ್ತೊಮ್ಮೆ ಆಕಾಶದಲ್ಲಿ ನಿಂತ ವಿಶ್ವರೂಪ. ಮಗ ಹುಟ್ಟುವುದಕ್ಕೆ ಮುಂಚೆ ಈಕೆ ಯಾರಾಗಿದ್ದಳೆಂದು ಕೇಳುವ ಗೋಜಿಗೆ ಯಾರೂ ಹೋಗುವುದಿಲ್ಲ. ಬ್ರೂಕ್ಸರ ಚಿತ್ರ ಕೇಳುತ್ತದೆ.

ಕೇಳುವುದು ಎಂದರೂ ಜಾನನು ಬುದ್ಧಿವಂತಿಕೆಯಿಂದೇನೂ ಕೇಳುವುದಿಲ್ಲ. ಗೂಡಿನಲ್ಲಿಟ್ಟಿದ್ದ ಒಂದು ಟೋಪಿಯ ಪೆಟ್ಟಿಗೆ ಆತನ ಕೈಗೆ ಅಕಸ್ಮಾತ್ತಾಗಿ ಸಿಗುತ್ತದೆ. ತೆರೆದರೆ ಟೋಪಿಯಿಲ್ಲ, ಹಳೆಯ ಹಸ್ತಪ್ರತಿಗಳಿವೆ. ಕಥೆಗಳು. ಕುಳಿತು ಓದುತ್ತಾನೆ. ವೃತ್ತಿಯಿಂದ ಕಾದಂಬರಿಕಾರನಾದ್ದರಿಂದ ಬರೆದ ಕೈ ಎಂಥದ್ದೆಂದು ಆತನಿಗೆ ಕೂಡಲೆ ಗೊತ್ತಾಗುತ್ತದೆ. ಒಳ್ಳೆಯ ಕೈ. ತಾಯಿಯ ಕೈ.

ಬಿಯಾಟ್ರಿಸ್ ತರುಣಿಯಾಗಿದ್ದಾಗ ಬರೆಯುತ್ತಿದ್ದಳು. ಮದುವೆಯಾಯಿತು. ಗಂಡನಿಗೆ ಅದು ಹಿಡಿಸಲಿಲ್ಲ, ಮಕ್ಕಳಾದರು, ಬರವಣಿಗೆ ಪೆಟ್ಟಿಗೆ ಸೇರಿತು, ಪೆಟ್ಟಿಗೆ ಗೂಡು ಸೇರಿತು. ಅಷ್ಟರಲ್ಲಿ ಹಿರಿಯ ಮಗ ಬರೆಯತೊಡಗಿದ! ತಾನು ಬಿಟ್ಟುಕೊಟ್ಟದ್ದನ್ನೇ ಕೈಯಲ್ಲಿ ಹಿಡಿದು ಕಣ್ಣೆದುರು ಓಡಾಡುವ ಮಗ. ಕಿರಿಯವನನ್ನು ಕಂಡರೆ ಆಕೆಗೆ ಯಾವ ನೋವೂ ಇಲ್ಲ, ಏಕೆಂದರೆ ಆಕೆ ಕಳೆದುಕೊಂಡದ್ದು ಆತನ ಬಳಿ ಇಲ್ಲ. ಹಿರಿಯವನನ್ನು ನೋಡಿದಾಗಲೆಲ್ಲ ಟೋಪಿಯ ಪೆಟ್ಟಿಗೆ ನೆನಪಾಗುತ್ತದೆ. ಆ ಹೊಗಳಿಕೆಯಲ್ಲದ ಹೊಗಳಿಕೆಯ ಮೂಲ ಇದು.

ಮಗ ಮುಖಾಮುಖಿ ಕೇಳುತ್ತಾನೆ. ತಾಯಿ ಸ್ವಲ್ಪ ಹೊತ್ತಿನಲ್ಲಿ ಒಪ್ಪಿಕೊಳ್ಳುತ್ತಾಳೆ. ಪಿಟೀಲು ಕೊರಗುವುದಿಲ್ಲ, ಯಾರೂ ಯಾರ ಕಾಲ ಮೇಲೂ ಬೀಳುವುದಿಲ್ಲ. ತನ್ನನ್ನು ಕಂಡರೆ ತಾಯಿಗೆ ಒಳಗೊಂದು ಸಿಟ್ಟಿತ್ತೆಂಬುದನ್ನು ತಿಳಿದ ಮಗ ಕುಸಿಯಬೇಕಿತ್ತು. ಆತನಿಗೆ ಆದದ್ದು ಅಪಾರ ಸಂತೋಷ! ಇಷ್ಟು ವರ್ಷ ತನ್ನಲ್ಲಿಯೇ ಏನೋ ಕೊರತೆಯಿದೆಯೆಂದು ತಿಳಿದಿದ್ದ. ಕೊರತೆಯಿದ್ದದ್ದು ಬೇರೆ ಕಡೆ, ತಾನು ಹುಟ್ಟುವುದಕ್ಕೂ ಹಿಂದೆ.

ಈ ದೃಶ್ಯವನ್ನು ನೋಡಿದ ರಾತ್ರಿ ಈ ಲೇಖಕನು ಊರಿಗೆ ಫೋನ್ ಮಾಡಿ, ಮದುವೆಗೆ ಮುಂಚೆ ತಮಗೆ ಏನಾಗಬೇಕೆಂಬ ಆಸೆಯಿತ್ತೆಂದು ತಾಯಿಯವರನ್ನು ಕೇಳಿದನು. ಐವತ್ತು ವರ್ಷ ತುಂಬಿದ ಮಗ ಕೇಳಿದ ಮೊದಲ ಪ್ರಶ್ನೆಯದು. ಆಚೆಯಿಂದ ಕೆಲವು ಕ್ಷಣ ಸದ್ದಿಲ್ಲ. ಆಮೇಲೆ, “ಇದೇನೋ ಹೊತ್ತಲ್ಲದ ಹೊತ್ತಿನಲ್ಲಿ? ಮೈಗೆ ಹುಷಾರಿದೆ ತಾನೆ? ಊಟ ಆಯಿತೇನಪ್ಪಾ?” ಎಂದರು. ಉತ್ತರ ಮೂರು ದಿನ ಬಿಟ್ಟು, ಕೇಳದೆಯೇ, ಹುಣಸೆಹಣ್ಣಿನ ಬೆಲೆಯ ಮಾತಿನ ನಡುವೆ ಬಂದಿತು: ಸಂಗೀತದ ಪರೀಕ್ಷೆಗೆ ಕಟ್ಟಿದ್ದರಂತೆ, ಅದೇ ತಿಂಗಳು ಲಗ್ನ ನಿಶ್ಚಯವಾಯಿತಂತೆ. ಮನೆಯಲ್ಲಿ ಯಾರಾದರೂ ಅಪಸ್ವರದಲ್ಲಿ ಹಾಡಿಕೊಂಡರೆ ಅವರು ಥಟ್ಟನೆ ಎದ್ದು ಹಿತ್ತಲಿಗೆ ಹೋಗುತ್ತಿದ್ದುದು ಏಕೆಂದು ಆಗ ಅರ್ಥವಾಯಿತು. ಹಾಗೆ ಹಾಡಿಕೊಳ್ಳುತ್ತಿದ್ದವನು ಹೆಚ್ಚಾಗಿ ನಾನೇ.

ಬ್ರೂಕ್ಸರಿಗೆ ಈ ಕಥೆ ಎಲ್ಲಿಂದ ಹೊಳೆಯಿತು? ಅವರ ಸ್ವಂತ ಮನೆಯ ಚರಿತ್ರೆಯನ್ನು ಓದಿದವರು ಊಹೆ ಮಾಡಬಹುದು. ಅವರ ತಂದೆ ಹ್ಯಾರಿ ಐನ್‌ಸ್ಟೈನ್ ರೇಡಿಯೋ ಹಾಸ್ಯಗಾರರು. ಗ್ರೀಕ್ ಉಚ್ಚಾರಣೆಯ ‘ಪಾರ್ಕ್ಯಾಕಾರ್ಕಸ್’ ಎಂಬ ಪಾತ್ರದಿಂದ ದೇಶದಲ್ಲೆಲ್ಲ ಮನೆಮಾತಾಗಿದ್ದವರು. ೧೯೪೭ರಲ್ಲಿ ಹುಟ್ಟಿದ ಮಗನಿಗೆ ಅವರು ಆಲ್ಬರ್ಟ್ ಎಂದೇ ನಾಮಕರಣ ಮಾಡಿದರು! ಆಲ್ಬರ್ಟ್ ಐನ್‌ಸ್ಟೈನ್ ಎಂಬ ಹೆಸರು ಹೊತ್ತು ಹಾಸ್ಯ ಮಾಡುವುದು ಕಷ್ಟವೆಂದೋ ಏನೋ, ಮಗ ಮುಂದೆ ಬ್ರೂಕ್ಸ್ ಆದರು. ೧೯೫೮ರ ನವೆಂಬರಿನಲ್ಲಿ ಒಂದು ಔತಣಕೂಟದಲ್ಲಿ ಸಭೆಯನ್ನು ನಗೆಗಡಲಲ್ಲಿ ಮುಳುಗಿಸಿ ಭಾಷಣ ಮುಗಿಸಿ ಕುಳಿತ ಹ್ಯಾರಿಯವರು ಅಲ್ಲಿಯೇ ಹೃದಯಾಘಾತದಿಂದ ತೀರಿಕೊಂಡರು. ಆಲ್ಬರ್ಟನಿಗೆ ಆಗ ಹನ್ನೊಂದು.

ತಾಯಿ ಥೆಲ್ಮಾ ಲೀಡ್ಸ್. ಆಕೆ ಗಾಯಕಿ, ಚಿತ್ರನಟಿ. ‘ನ್ಯೂ ಫೇಸಸ್ ಆಫ್ ೧೯೩೭’ ಎಂಬ ಚಿತ್ರದಲ್ಲಿ ಹ್ಯಾರಿಯವರೂ ಆಕೆಯೂ ಇಬ್ಬರೂ ಇದ್ದಾರೆ. ಮದುವೆಯಾಯಿತು. ಆಮೇಲೆ ಆಕೆಯ ಹೆಸರು ಬೆಳ್ಳಿತೆರೆಯಿಂದ ಮರೆಯಾಯಿತು. ಟೋಪಿಯ ಪೆಟ್ಟಿಗೆ ಎಲ್ಲಿತ್ತೆಂದು ಹೆಚ್ಚು ಹುಡುಕಬೇಕಾಗಿಲ್ಲ.

ತಾಯಿಯ ಪಾತ್ರಕ್ಕೆ ಬ್ರೂಕ್ಸರು ಮೊದಲು ಕೇಳಿದ್ದು, ನಂಬಿ ಬಿಡಿ, ಅಧ್ಯಕ್ಷ ರೇಗನ್ನರ ಪತ್ನಿ ನ್ಯಾನ್ಸಿ ರೇಗನ್ನರನ್ನು. ಆಕೆ ಹಿಂದೆ ಚಿತ್ರನಟಿಯಾಗಿದ್ದವರೇ. ಆಸೆಯೂ ಆಯಿತಂತೆ. ಆದರೆ ಪತಿಗೆ ಮರೆವಿನ ಆಲ್ಜೈಮರ್ ಕಾಯಿಲೆಯಿರುವುದು ೧೯೯೪ರಲ್ಲಿಯೇ ಪ್ರಕಟವಾಗಿತ್ತು. ಅವರನ್ನು ಬಿಟ್ಟು ಚಿತ್ರೀಕರಣಕ್ಕೆ ಹೋಗಲಾರೆನೆಂದು ನಿರಾಕರಿಸಿದರು. ಆಗ ಬ್ರೂಕ್ಸರ ಗೆಳತಿ, ನಟಿ ಹಾಗೂ ಲೇಖಕಿ ಕ್ಯಾರಿ ಫಿಶರರ ಮೂಲಕ ಕಥೆ ಆಕೆಯ ತಾಯಿ ಡೆಬಿ ರೆನಾಲ್ಡ್ಸರ ಕೈ ಸೇರಿತು. ಸುಮಾರು ಕಾಲು ಶತಮಾನದ ಬಳಿಕ ಡೆಬಿಯವರಿಗೆ ಚಿತ್ರವೊಂದರಲ್ಲಿ ಮುಖ್ಯ ಪಾತ್ರ ದೊರೆಯಿತು.

ಇದರಲ್ಲಿ ಒಂದು ಸ್ವಾರಸ್ಯವಿದೆ. ಪ್ರಸಿದ್ಧಳಾದ ತಾಯಿಯ ನೆರಳಿನಲ್ಲಿ ಬೆಳೆದ ಮಗಳ ಪಾಡನ್ನು ಕ್ಯಾರಿಯವರು ‘ಪೋಸ್ಟ್‌ಕಾರ್ಡ್ಸ್ ಫ್ರಮ್ ದ ಎಡ್ಜ್’ ಎಂಬ ಕಾದಂಬರಿಯಾಗಿ ೧೯೮೭ರಲ್ಲಿ ಪ್ರಕಟಿಸಿದ್ದರು. ೧೯೯೦ರಲ್ಲಿ ಅದು ಚಿತ್ರವಾಯಿತು. ನಿರ್ದೇಶಕರು, ಆ ರಾಕೆಟ್ ವಿಜ್ಞಾನಿಯ ಪ್ರಹಸನದ ಮೈಕ್ ನಿಕೋಲ್ಸರೇ! ಅದರಲ್ಲಿನ ತಾಯಿಯ ಪಾತ್ರವನ್ನು ತಾನೇ ಮಾಡುತ್ತೇನೆಂದು ಡೆಬಿಯವರು ಕೇಳಿದರು. ಪಾತ್ರಕ್ಕೆ ನೀವು ಹೊಂದುವುದಿಲ್ಲವೆಂದು ನಿಕೋಲ್ಸರು ಹೇಳಿದರಂತೆ. ಅದು ಶರ್ಲಿ ಮೆಕ್ಲೇನರ ಪಾಲಾಯಿತು. ಆರು ವರ್ಷಗಳ ತರುವಾಯ, ಬರೆಯುವ ಮಗನ ತಾಯಿಯಾಗಿ ನಟಿಸಲು, ಬರೆಯುವ ಮಗಳೇ ದಾರಿ ಮಾಡಿಕೊಟ್ಟಂತಾಯಿತು. ಮುಂದೆ ತಾಯಿ ಮಗಳಿಬ್ಬರೂ ಅಕ್ಕಪಕ್ಕದ ಮನೆಗಳಲ್ಲಿಯೇ ಬಾಳಿದರು. ೨೦೧೬ರ ಡಿಸೆಂಬರ್ ೨೭ರಂದು ಕ್ಯಾರಿ ಫಿಶರ್ ತೀರಿಕೊಂಡರು; ಮರುದಿನವೇ ತಾಯಿ.

‘ಮದರ್’ ಚಿತ್ರದ ಕಥಾರಚನೆಗೆ ನ್ಯೂಯಾರ್ಕಿನ ಚಿತ್ರವಿಮರ್ಶಕರ ಬಳಗವೂ, ಅಲ್ಲಿನ ರಾಷ್ಟ್ರೀಯ ವಿಮರ್ಶಕರ ಸಂಘವೂ ಆ ವರ್ಷದ ಬಹುಮಾನವನ್ನಿತ್ತವು. ಡೆಬಿಯವರ ಹೆಸರು ಗೋಲ್ಡನ್ ಗ್ಲೋಬ್ ಪ್ರಶಸ್ತಿಯ ಸ್ಪರ್ಧೆಗೆ ಹೋಗಿತ್ತು. ಆಸ್ಕರಿನವರು ಮಾತ್ರ ಕಣ್ಣೆತ್ತಿ ನೋಡಲಿಲ್ಲ. ಮೆಲುದನಿಯ ಹಾಸ್ಯಕ್ಕೆ ಬಹುಮಾನ ಕೊಡುವುದರಲ್ಲಿ ಎಲ್ಲ ದೇಶದವರದೂ ಒಂದೇ ಜಿಪುಣತನ. ಚಿತ್ರದಲ್ಲಿ ದೋಷವಿಲ್ಲದಿಲ್ಲ. ನಲವತ್ತು ವರ್ಷದ ಗಂಟು ಒಂದು ಸಂಭಾಷಣೆಯಲ್ಲಿ ಬಿಚ್ಚಿಕೊಳ್ಳುವುದು ತೀರ ಸುಲಭವಾಯಿತು. ಊರಿಗೆ ಹಿಂದಿರುಗುವ ಹಾದಿಯಲ್ಲಿ, ಪೆಟ್ರೋಲ್ ಬಂಕಿನಲ್ಲಿ, ತನ್ನ ಪುಸ್ತಕಗಳ ಅಭಿಮಾನಿಯಾದ ಚೆಲುವೆಯೊಬ್ಬಳು ಜಾನನಿಗೆ ಸಿಕ್ಕಿಬಿಡುವುದಂತೂ ಧಾರಾವಾಹಿಯ ಕೊನೆಯ ಕಂತನ್ನು ಅವಸರದಲ್ಲಿ ಮುಗಿಸಿದಂತಿದೆ.

ಆದರೆ ಚಿತ್ರ ಅಲ್ಲಿಗೆ ನಿಲ್ಲುವುದಿಲ್ಲ. ಮಗನ ಕಾರು ಹೊರಟುಹೋದ ಮೇಲೆ ಸಾಸಲೀಟೋದ ಮನೆ ಮತ್ತೆ ನಿಶ್ಶಬ್ದವಾಗಿದೆ. ಬಿಯಾಟ್ರಿಸ್ಸಮ್ಮನವರು ಕಂಪ್ಯೂಟರಿನ ಮುಂದೆ ಕುಳಿತಿದ್ದಾರೆ. ಬೆರಳುಗಳು ನಿಧಾನವಾಗಿ ಕೀಲಿಗಳ ಮೇಲೆ ಓಡತೊಡಗುತ್ತವೆ. ಹೊಸ ಕಥೆ. ವಿಷಯ, ಎರಡು ಸಲ ಮದುವೆ ಮುರಿದುಕೊಂಡು ತಾಯಿಯ ಮನೆಗೆ ವಾಪಸು ಬಂದ ಒಬ್ಬ ಮಗ.